ಕಣ್ಣನ್ನು ಅಕ್ಷರದ ಬಳಿಗೆ ಒಯ್ಯಬೇಡಿ

ನಿಮ್ಮ ಮನೆಯಲ್ಲಿ ಕಂಪ್ಯೂಟರ್ ಬಳಸುವವರನ್ನು ಅವರಿಗೆ ಗೊತ್ತಾಗದಂತೆ ಒಮ್ಮೆ ಪಕ್ಕದಿಂದ ನೋಡಿ. ಬೆನ್ನು ಕುರ್ಚಿಗೆ ಒರಗಿದೆಯೇ? ಗದ್ದ ಮುಂದಕ್ಕೆ ಚಾಚಿದೆಯೇ? ಹುಬ್ಬು ಗಂಟಿಕ್ಕಿ ಕಣ್ಣು ಕಿರಿದು ಮಾಡಿಕೊಂಡಿದ್ದಾರೆಯೇ? ಹಾಗಿದ್ದರೆ ಅವರಿಗೆ ಅಕ್ಷರ ಸರಿಯಾಗಿ ಕಾಣುತ್ತಿಲ್ಲ. ಅವರು ಅದನ್ನು ನಿಮಗೆ ಹೇಳಿರಲಿಕ್ಕಿಲ್ಲ. ಎಷ್ಟೋ ಸಲ ಅವರಿಗೇ ಅದು ಗೊತ್ತಿರುವುದಿಲ್ಲ.

ಈ ತಿಂಗಳ ಪಾಠ ಕಂಪ್ಯೂಟರ್‌ನ ಎರಡು ಸಣ್ಣ ಸೌಕರ್ಯಗಳ ಕುರಿತು. ಒಂದು, ಅಕ್ಷರವನ್ನು ದೊಡ್ಡದು ಮಾಡುವ ಝೂಮ್. ಇನ್ನೊಂದು, ಪರದೆಯನ್ನೆಲ್ಲ ಒಂದೇ ಕೆಲಸಕ್ಕೆ ಬಿಟ್ಟುಕೊಡುವ ಫುಲ್ ಸ್ಕ್ರೀನ್. ಆರೋಗ್ಯದ ಪುಟದಲ್ಲಿ ಇದೇಕೆ ಎಂದು ನೀವು ಕೇಳಬಹುದು. ನನಗೂ ಇದರ ಮಹತ್ವ ತಿಳಿದದ್ದು ತಡವಾಗಿ, ಅದೂ ಒಬ್ಬ ರೋಗಿಯ ವಿಷಯದಲ್ಲಿ ತಪ್ಪು ಮಾಡಿದ ಮೇಲೆ.

ನೋವು ಕುತ್ತಿಗೆಯಲ್ಲಿ, ಕಾರಣ ಕಣ್ಣಿನಲ್ಲಿ

ಐವತ್ತು ದಾಟಿದ ಒಬ್ಬರು ಕುತ್ತಿಗೆ ನೋವೆಂದು ನನ್ನ ಬಳಿ ಬಂದರು. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಮಸೀದಿ ಜಮಾಅತಿನ ಲೆಕ್ಕಪತ್ರವನ್ನು ಹಲವು ವರ್ಷಗಳಿಂದ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದವರು. ಮೊದಲು ಪುಸ್ತಕದಲ್ಲಿ ಬರೆಯುತ್ತಿದ್ದ ಲೆಕ್ಕ ಈಗ ಲ್ಯಾಪ್‌ಟಾಪ್‌ಗೆ ಬಂದಿತ್ತು. ನಾನು ಎಣ್ಣೆ ಹಚ್ಚಿಸಿ ದಲಕ್ ಮಾಡಿಸಿದೆ, ಬಿಸಿ ಶಾಖ ಕೊಡಿಸಿದೆ, ದಿಂಬು ಬದಲಿಸಲು ಹೇಳಿದೆ. ಮೂರು ವಾರ ಕಳೆಯಿತು. ಚಿಕಿತ್ಸೆ ಪಡೆದ ದಿನ ಹಗುರ, ಮರುದಿನ ಮತ್ತೆ ಅದೇ ನೋವು.

ಅಷ್ಟರಲ್ಲಿ ಜಮಾಅತಿನಲ್ಲಿ ಒಂದು ಮಾತು ಹುಟ್ಟಿತ್ತು. ಒಬ್ಬರು ಕೊಟ್ಟ 38,000 ರೂಪಾಯಿ ಲೆಕ್ಕದಲ್ಲಿ 33,000 ಆಗಿತ್ತು. ಐದು ಸಾವಿರ ಎಲ್ಲಿ ಹೋಯಿತು? ಯಾರೂ ಅವರ ಮುಖಕ್ಕೆ ಕೇಳಲಿಲ್ಲ. ಆದರೆ ಅಂಗಳದಲ್ಲಿ ಪಿಸುಮಾತು ನಡೆದಿತ್ತು. ಹಣ ಪೆಟ್ಟಿಗೆಯಲ್ಲೇ ಇತ್ತು, ರಸೀದಿಯೂ ಸರಿಯಾಗಿತ್ತು. ಪರದೆಯ ಮೇಲೆ 8 ಅವರಿಗೆ 3 ಆಗಿ ಕಂಡಿತ್ತು, ಅಷ್ಟೆ.

ಒಂದು ಸಂಜೆ ಅವರ ಮನೆಗೆ ಹೋದಾಗ ಅವರು ಆ ಲೆಕ್ಕವನ್ನೇ ಮತ್ತೆ ನೋಡುತ್ತಿದ್ದರು. ಮೂಗು ಪರದೆಗೆ ಒಂದು ಗೇಣು ದೂರದಲ್ಲಿತ್ತು. ಆಗ ನನಗೆ ಅರ್ಥವಾಯಿತು. ಮೂರು ವಾರ ನಾನು ಉಜ್ಜಿದ್ದು ಕುತ್ತಿಗೆಯನ್ನು. ಕೇಳಬೇಕಾದದ್ದು ಕಣ್ಣಿನ ಬಗ್ಗೆ. ಸಕ್ಕರೆ ಕಾಯಿಲೆಯವರಿಗೆ ಆ ಪ್ರಶ್ನೆ ಮೊದಲ ದಿನವೇ ಕೇಳಬೇಕಿತ್ತು. ಅದು ನನ್ನ ತಪ್ಪು.

"ಚಾಚಾ, ಯಾಕೆ ಹೇಳಲಿಲ್ಲ?" ಎಂದೆ. "ಕಣ್ಣು ಕಾಣುವುದಿಲ್ಲ ಅಂದರೆ ಲೆಕ್ಕ ಕೈಬಿಟ್ಟು ಹೋಗುತ್ತದೆ ಡಾಕ್ಟರ್ ಸಾಬ್" ಎಂದರು. ಅವರ ಮಗಳು ಪಕ್ಕದಿಂದ ಬಂದು ಎರಡು ಕೀ ಒತ್ತಿದಳು. ಅಂಕಿಗಳು ದೊಡ್ಡದಾದವು. ಅವರು ತಾವಾಗಿಯೇ ಹಿಂದಕ್ಕೆ ಸರಿದು ಕುರ್ಚಿಗೆ ಒರಗಿದರು. ನಾನು ಮೂರು ವಾರದಲ್ಲಿ ಮಾಡಲಾಗದ್ದನ್ನು ಆ ಹುಡುಗಿ ಕ್ಷಣದಲ್ಲಿ ಮಾಡಿದ್ದಳು.

ಈ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಉಳಿದದ್ದನ್ನು ಕೊನೆಯಲ್ಲಿ ಹೇಳುತ್ತೇನೆ.

ಹತ್ತಿರ ಹೋದರೆ ಆಗುವುದೇನು?

ಒಂದು ವಸ್ತು ನಮಗೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಅದು ಕಣ್ಣಿನಲ್ಲಿ ಉಂಟುಮಾಡುವ ಕೋನವನ್ನು ಅವಲಂಬಿಸಿದೆ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಥಮ್ ಸುಮಾರು ಸಾವಿರ ವರ್ಷಗಳ ಹಿಂದೆಯೇ 'ಕಿತಾಬುಲ್ ಮನಾಝಿರ್' ಎಂಬ ಗ್ರಂಥದಲ್ಲಿ, ವಸ್ತುವಿನಿಂದ ಬರುವ ಬೆಳಕು ಕಣ್ಣನ್ನು ಹೊಕ್ಕಾಗ ನೋಟ ಉಂಟಾಗುತ್ತದೆ ಎಂದು ವಿವರಿಸಿದ್ದರು. ಕೋನ ಮತ್ತು ದೂರದ ಸಂಬಂಧವನ್ನೂ ಅವರು ಚರ್ಚಿಸಿದ್ದಾರೆ. ಆ ಕೋನವನ್ನು ಹಿಗ್ಗಿಸಲು ಎರಡು ದಾರಿ. ವಸ್ತುವಿನ ಹತ್ತಿರ ಹೋಗುವುದು ಒಂದು. ವಸ್ತುವನ್ನೇ ದೊಡ್ಡದು ಮಾಡುವುದು ಇನ್ನೊಂದು. ಕಾಗದದಲ್ಲಿ ಎರಡನೆಯ ದಾರಿ ಇರಲಿಲ್ಲ, ಭೂತಗನ್ನಡಿ ಬೇಕಿತ್ತು. ಕಂಪ್ಯೂಟರ್‌ನಲ್ಲಿ ಆ ದಾರಿ ಇದೆ. ಆದರೂ ನಾವು ಮೊದಲಿನದನ್ನೇ ಹಿಡಿಯುತ್ತೇವೆ.

ಹತ್ತಿರದ್ದನ್ನು ನೋಡುವಾಗ ಕಣ್ಣಿನೊಳಗಿನ ಸಣ್ಣ ಸ್ನಾಯು ಬಿಗಿಯಾಗಿ ಮಸೂರವನ್ನು ಉಬ್ಬಿಸುತ್ತದೆ. ಎರಡೂ ಕಣ್ಣುಗಳು ಮೂಗಿನತ್ತ ತಿರುಗಬೇಕಾಗುತ್ತದೆ. ಇದು ಗಂಟೆಗಟ್ಟಲೆ ನಡೆದರೆ ಕಣ್ಣು ನೋಯುತ್ತದೆ, ಹಣೆ ಭಾರವಾಗುತ್ತದೆ. ತಲೆಯ ತೂಕ ನಾಲ್ಕೂವರೆಯಿಂದ ಐದು ಕಿಲೋ. ಅದು ಹೆಗಲಿನ ನೇರಕ್ಕೆ ಇರುವಾಗ ಭಾರ ಗೊತ್ತಾಗುವುದಿಲ್ಲ. ಮುಂದಕ್ಕೆ ಬಾಗಿದರೆ ಕುತ್ತಿಗೆಯ ಸ್ನಾಯುಗಳು ಅದನ್ನು ಎಳೆದು ಹಿಡಿಯಬೇಕು. ಜೊತೆಗೆ, ಪರದೆಯನ್ನು ದಿಟ್ಟಿಸುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ. ಕಣ್ಣೀರಿನ ಪದರ ಒಣಗಿ ಉರಿ, ಮರಳು ಬಿದ್ದಂತಹ ಚುಚ್ಚು ಶುರುವಾಗುತ್ತದೆ.

ನಲವತ್ತರ ನಂತರ ಇನ್ನೊಂದು ತೊಡಕು. ಚಾಳೀಸು ಬಂದವರಿಗೆ ಕೊಡುವ ಓದುವ ಕನ್ನಡಕ ಸಾಮಾನ್ಯವಾಗಿ ಕೈಯಲ್ಲಿ ಹಿಡಿದ ಪುಸ್ತಕದ ದೂರಕ್ಕೆ, ಅಂದರೆ ಸುಮಾರು 40 ಸೆಂಟಿಮೀಟರ್‌ಗೆ ಹೊಂದಿಸಿದ್ದು. ಕಂಪ್ಯೂಟರ್ ಪರದೆ ಇರುವುದು ತೋಳು ಚಾಚಿದಷ್ಟು ದೂರ, 50ರಿಂದ 70 ಸೆಂಟಿಮೀಟರ್. ಆ ಕನ್ನಡಕದಲ್ಲಿ ಅಷ್ಟು ದೂರ ಮಸುಕಾಗಿ ಕಾಣುತ್ತದೆ. ಆದ್ದರಿಂದ ಕನ್ನಡಕ ಹಾಕಿದವರೇ ಹೆಚ್ಚು ಮುಂದಕ್ಕೆ ಬಾಗುತ್ತಾರೆ. ಎರಡು ಭಾಗದ ಕನ್ನಡಕದವರು ಕೆಳಭಾಗದಿಂದ ನೋಡಲು ತಲೆಯನ್ನು ಹಿಂದಕ್ಕೆ ಎತ್ತುತ್ತಾರೆ. ನನಗೂ ಚಾಳೀಸು ಬಂದಿದೆ, ಅನುಭವದಿಂದಲೇ ಹೇಳುತ್ತಿದ್ದೇನೆ. ಕಣ್ಣು ಪರೀಕ್ಷೆಗೆ ಹೋಗುವಾಗ ನಿಮ್ಮ ಪರದೆ ಎಷ್ಟು ದೂರದಲ್ಲಿದೆ ಎಂದು ಅಳೆದುಕೊಂಡು ಹೋಗಿ, ಅಲ್ಲಿ ತಿಳಿಸಿ. ಆ ದೂರಕ್ಕೆ ಬೇರೆ ಪವರ್ ಬೇಕಾಗಬಹುದು.

ಇನ್ನು ನಮ್ಮ ಮನೆಗಳಲ್ಲಿ ಓದುವ ಲಿಪಿಗಳನ್ನು ನೋಡಿ. ಕನ್ನಡದ ದ ಮತ್ತು ಧ ಇವುಗಳ ವ್ಯತ್ಯಾಸ ಒಂದು ಸಣ್ಣ ಸೀಳು ಮಾತ್ರ. ಒತ್ತಕ್ಷರಗಳು ಸಾಲಿನ ಕೆಳಗೆ ಪುಟ್ಟದಾಗಿ ಕೂತಿರುತ್ತವೆ. ಅರಬಿಯ ಬಾ, ತಾ, ಸಾ ಬೇರೆಯಾಗುವುದು ಚುಕ್ಕೆಗಳಿಂದ. ಝಬರ್, ಝೇರ್, ಪೇಶ್ ಇನ್ನೂ ಸಣ್ಣವು. ಇಂಗ್ಲಿಷ್ ಸುಲಭವಾಗಿ ಕಾಣುವ ಗಾತ್ರದಲ್ಲಿ ಇವು ಕಾಣಬೇಕೆಂದಿಲ್ಲ. ಕಂಪ್ಯೂಟರಿನಲ್ಲಿ ಕುರ್‌ಆನ್ ಪಾರಾಯಣ ಕಲಿಯುವ ಮಕ್ಕಳಿಗೂ ಹಿರಿಯರಿಗೂ ಅಕ್ಷರ ದೊಡ್ಡದಿರಲಿ.

ಝೂಮ್: ಮೂರು ಕೀಗಳ ಪಾಠ

ವಿಂಡೋಸ್ ಕಂಪ್ಯೂಟರ್‌ನ ಕೀಬೋರ್ಡಿನ ಎಡ ಮೂಲೆಯಲ್ಲಿ ಕಂಟ್ರೋಲ್ ಕೀ ಇರುತ್ತದೆ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಇದು ಒಂದೇ ರೀತಿ ಕೆಲಸ ಮಾಡುತ್ತದೆ.

1. ಕಂಟ್ರೋಲ್ ಒತ್ತಿ ಹಿಡಿದು ಪ್ಲಸ್ ಚಿಹ್ನೆಯ ಕೀ ಒತ್ತಿ. ಪುಟ ದೊಡ್ಡದಾಗುತ್ತದೆ. ಸಾಲದಿದ್ದರೆ ಇನ್ನೊಮ್ಮೆ ಒತ್ತಿ.

2. ಕಂಟ್ರೋಲ್ ಹಿಡಿದು ಮೈನಸ್ ಒತ್ತಿದರೆ ಚಿಕ್ಕದಾಗುತ್ತದೆ.

3. ಕಂಟ್ರೋಲ್ ಹಿಡಿದು ಸೊನ್ನೆ ಒತ್ತಿದರೆ ಮೊದಲಿನ ಗಾತ್ರಕ್ಕೆ ಮರಳುತ್ತದೆ.

ಈ ಮೂರನೆಯದನ್ನು ಮೊದಲು ಕಲಿಸಿ. "ಏನೋ ಒತ್ತಿ ಹಾಳುಮಾಡಿಬಿಟ್ಟೆ" ಎಂಬ ಹೆದರಿಕೆ ಹಿರಿಯರಲ್ಲಿ ದೊಡ್ಡದು. ಮರಳುವ ದಾರಿ ಗೊತ್ತಿದ್ದರೆ ಹೆದರಿಕೆ ಹೋಗುತ್ತದೆ. ಮೌಸ್ ಇದ್ದವರು ಕಂಟ್ರೋಲ್ ಹಿಡಿದು ಅದರ ಚಕ್ರವನ್ನು ತಿರುಗಿಸಿಯೂ ಇದೇ ಕೆಲಸ ಮಾಡಬಹುದು. ಆಪಲ್ ಕಂಪ್ಯೂಟರ್‌ನಲ್ಲಿ ಕಂಟ್ರೋಲ್ ಬದಲು ಕಮಾಂಡ್ ಕೀ ಹಿಡಿಯಬೇಕು. ಕ್ರೋಮ್ ಪ್ರತಿಯೊಂದು ಜಾಲತಾಣಕ್ಕೂ ನೀವು ಇಟ್ಟ ಗಾತ್ರವನ್ನು ನೆನಪಿಟ್ಟುಕೊಳ್ಳುತ್ತದೆ, ದಿನವೂ ಮಾಡಬೇಕಿಲ್ಲ.

ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್ ಮೇಲೆ ಎರಡು ಬೆರಳು ಅಗಲಿಸಿದರೂ ಪುಟ ಹಿಗ್ಗುತ್ತದೆ. ಆದರೆ ಹಾಗೆ ಮಾಡಿದಾಗ ಸಾಲಿನ ತುದಿ ಪರದೆಯಾಚೆ ಹೋಗುತ್ತದೆ, ಪ್ರತಿ ಸಾಲಿಗೂ ಅತ್ತಿತ್ತ ಸರಿಸಬೇಕು. ಕಂಟ್ರೋಲ್ ಮತ್ತು ಪ್ಲಸ್ ಒತ್ತಿದಾಗ ಹೆಚ್ಚಿನ ತಾಣಗಳಲ್ಲಿ ಸಾಲುಗಳು ಪರದೆಯ ಅಗಲಕ್ಕೆ ತಾವೇ ಹೊಂದಿಕೊಳ್ಳುತ್ತವೆ. ಓದಲು ಇದೇ ಉತ್ತಮ.

ವರ್ಡ್ ಮತ್ತು ಎಕ್ಸೆಲ್‌ನಲ್ಲಿ ಬಲಗಡೆ ಕೆಳಮೂಲೆಯಲ್ಲಿ ಒಂದು ಸರಿಸುವ ಗುಂಡಿ ಇದೆ, ಪಕ್ಕದಲ್ಲಿ ಶೇಕಡಾ ಅಂಕಿ ಇರುತ್ತದೆ. ಅದನ್ನು ಬಲಕ್ಕೆ ಸರಿಸಿ. ಇಲ್ಲಿ ಬಹಳ ಮಂದಿ ಒಂದು ತಪ್ಪು ಮಾಡುತ್ತಾರೆ. ಕಾಣುವುದಿಲ್ಲವೆಂದು ಅಕ್ಷರದ ಗಾತ್ರವನ್ನೇ 12ರಿಂದ 20ಕ್ಕೆ ಏರಿಸುತ್ತಾರೆ. ಆಗ ಒಂದು ಪುಟದ ಅರ್ಜಿ ಮೂರು ಪುಟವಾಗಿ ಮುದ್ರಣವಾಗುತ್ತದೆ. ಝೂಮ್ ಬದಲಿಸುವುದು ನಿಮ್ಮ ನೋಟವನ್ನು ಮಾತ್ರ; ಕಾಗದದ ಮೇಲೆ ಅಕ್ಷರ ಮೊದಲಿನಷ್ಟೇ ಇರುತ್ತದೆ. ಲೆಕ್ಕ ಬರೆಯುವವರು ಎಕ್ಸೆಲ್‌ನಲ್ಲಿ ಬೇಕಾದ ಕಾಲಂಗಳನ್ನು ಮಾತ್ರ ಆಯ್ದು, ವ್ಯೂ ಎಂಬಲ್ಲಿ 'ಝೂಮ್ ಟು ಸೆಲೆಕ್ಷನ್' ಒತ್ತಿದರೆ ಅವಷ್ಟೇ ಪರದೆ ತುಂಬುತ್ತವೆ.

ಎಲ್ಲವೂ ಚಿಕ್ಕದಾಗಿ ಕಾಣುವವರು ಒಮ್ಮೆ ಸೆಟ್ಟಿಂಗ್ಸ್ ಬದಲಿಸಿಬಿಡುವುದು ಮೇಲು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನಂತರ ಆಕ್ಸೆಸಿಬಿಲಿಟಿ, ನಂತರ ಟೆಕ್ಸ್ಟ್ ಸೈಝ್ ಎಂಬಲ್ಲಿಗೆ ಹೋದರೆ ಅಕ್ಷರವನ್ನು 225 ಶೇಕಡಾವರೆಗೆ ಏರಿಸಬಹುದು. ಚಿತ್ರ, ಗುಂಡಿಗಳೂ ದೊಡ್ಡದಾಗಬೇಕಿದ್ದರೆ ಸಿಸ್ಟಂ, ಡಿಸ್‌ಪ್ಲೇ, ಸ್ಕೇಲ್ ಎಂಬಲ್ಲಿ 125 ಅಥವಾ 150 ಆರಿಸಿ. ರೆಸಲ್ಯೂಷನ್ ಎಂಬುದನ್ನು ತಗ್ಗಿಸಿ ದೊಡ್ಡದು ಮಾಡಬೇಡಿ. ಅಕ್ಷರ ಹಿಗ್ಗುತ್ತದೆ, ಅಂಚು ಮಸುಕಾಗುತ್ತದೆ. ಮಸುಕನ್ನು ಸ್ಪಷ್ಟಗೊಳಿಸಲು ಕಣ್ಣು ಮತ್ತೆ ಹೆಣಗುತ್ತದೆ.

ದೃಷ್ಟಿ ಬಹಳ ಕಡಿಮೆ ಇರುವವರಿಗೆ ವಿಂಡೋಸ್‌ನಲ್ಲೇ ಒಂದು ಭೂತಗನ್ನಡಿ ಇದೆ, ಹೆಸರು ಮ್ಯಾಗ್ನಿಫೈಯರ್. ವಿಂಡೋಸ್ ಚಿಹ್ನೆಯ ಕೀ ಹಿಡಿದು ಪ್ಲಸ್ ಒತ್ತಿದರೆ ತೆರೆಯುತ್ತದೆ, ಅದೇ ಕೀ ಹಿಡಿದು ಎಸ್ಕೇಪ್ ಒತ್ತಿದರೆ ಮುಚ್ಚುತ್ತದೆ. ಪರದೆಯನ್ನೆಲ್ಲ ಹಿಗ್ಗಿಸಬಹುದು, ಮೌಸ್ ಇರುವೆಡೆ ಮಾತ್ರ ಮಸೂರದಂತೆ ತೋರಿಸಬಹುದು.

ಫುಲ್ ಸ್ಕ್ರೀನ್: ಜಾಗ ಸಿಗುತ್ತದೆ, ಗಡಿಯಾರ ಮರೆಯಾಗುತ್ತದೆ

ಬ್ರೌಸರ್ ತೆರೆದಾಗ ಕೀಬೋರ್ಡಿನ ಮೇಲಿನ ಸಾಲಿನ ಎಫ್ 11 ಒತ್ತಿ. ಮೇಲಿನ ವಿಳಾಸದ ಪಟ್ಟಿ, ಕೆಳಗಿನ ಪಟ್ಟಿ ಎಲ್ಲ ಮರೆಯಾಗಿ ಪುಟ ಮಾತ್ರ ಉಳಿಯುತ್ತದೆ. ಮತ್ತೆ ಎಫ್ 11 ಒತ್ತಿದರೆ ಮರಳುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಎಂಬ ಕೀಯನ್ನೂ ಜೊತೆಗೆ ಹಿಡಿಯಬೇಕು. ಯೂಟ್ಯೂಬ್ ವಿಡಿಯೊಗೆ ಎಫ್ ಅಕ್ಷರ ಸಾಕು, ಹೊರಬರಲು ಎಸ್ಕೇಪ್.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಎಫ್ 11 ಒತ್ತಿದರೆ ಅಕ್ಷರ ದೊಡ್ಡದಾಗುವುದಿಲ್ಲ. ಜಾಗ ಮಾತ್ರ ಹೆಚ್ಚುತ್ತದೆ. ಮೊದಲು ಎಫ್ 11, ಆಮೇಲೆ ಕಂಟ್ರೋಲ್ ಮತ್ತು ಪ್ಲಸ್. ಈ ಕ್ರಮದಲ್ಲಿ ಮಾಡಿದರೆ ಸಿಕ್ಕಿದ ಜಾಗದಲ್ಲಿ ದೊಡ್ಡ ಅಕ್ಷರ ಕೂರುತ್ತದೆ. ಸುತ್ತಲಿನ ಗುಂಡಿ, ಮಿನುಗುವ ಸೂಚನೆಗಳು ಮರೆಯಾಗುವುದರಿಂದ ಗಮನವೂ ಒಂದೇ ಕಡೆ ನಿಲ್ಲುತ್ತದೆ.

ಆದರೆ ಅದೇ ಅದರ ದೋಷ ಕೂಡ. ಕೆಳಗಿನ ಮೂಲೆಯ ಗಡಿಯಾರವೂ ಮರೆಯಾಗುತ್ತದೆ. ಹೊತ್ತು ಹೋದದ್ದು ತಿಳಿಯುವುದಿಲ್ಲ; ಊಟ, ನಿದ್ದೆ, ನಮಾಝಿನ ಸಮಯ ಸರಿಯುತ್ತದೆ. ನಮ್ಮ ಯುನಾನಿ ವೈದ್ಯದಲ್ಲಿ ಆರೋಗ್ಯದ ಆರು ಅಗತ್ಯಗಳಲ್ಲಿ ದೇಹದ ಚಲನೆ ಮತ್ತು ವಿಶ್ರಾಂತಿ ಒಂದು, ನಿದ್ದೆ ಮತ್ತು ಎಚ್ಚರ ಇನ್ನೊಂದು. ಎರಡಕ್ಕೂ ಅಳತೆ ಬೇಕು. ಗೋಡೆ ಗಡಿಯಾರ ಕಾಣುವಂತೆ ಕುಳಿತುಕೊಳ್ಳಿ, ಅಥವಾ ಮೊಬೈಲಿನಲ್ಲಿ ಅಲಾರಂ ಇಡಿ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ, ರೆಪ್ಪೆಯನ್ನು ನಿಧಾನವಾಗಿ ಹತ್ತು ಸಲ ಮುಚ್ಚಿ ತೆರೆಯಿರಿ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ.

ಇನ್ನೊಂದು ಎಚ್ಚರಿಕೆ. ಏನೋ ಒತ್ತಿದಾಗ ಇಡೀ ಪರದೆ ತುಂಬಿಕೊಂಡು "ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ" ಎಂಬ ಪುಟ ಬಂದರೆ ಅದು ಮೋಸ. ಫುಲ್ ಸ್ಕ್ರೀನನ್ನೇ ಬಲೆಯಾಗಿ ಬಳಸುವ ತಂತ್ರವಿದು. ಕರೆ ಮಾಡಬೇಡಿ. ಎಸ್ಕೇಪ್ ಅನ್ನು ಒತ್ತಿ ಹಿಡಿಯಿರಿ, ಆಗದಿದ್ದರೆ ಎಫ್ 11 ಒತ್ತಿ, ನಂತರ ಆ ಪುಟವನ್ನು ಮುಚ್ಚಿಬಿಡಿ.

ಝೂಮ್ ಊರುಗೋಲು, ಔಷಧವಲ್ಲ

ಈಗ ಚಾಚಾ ಅವರ ಕಥೆಗೆ ಮರಳೋಣ. ಮಗಳು ಅಂಕಿಗಳನ್ನು ದೊಡ್ಡದು ಮಾಡಿದಾಗ ಒಂದು ವಿಷಯ ಹೊರಬಿತ್ತು. ಎಡಗಣ್ಣು ಮುಚ್ಚಿಕೊಂಡರೆ ಅವರಿಗೆ ಎಕ್ಸೆಲ್‌ನ ನೇರ ಗೆರೆ ನಡುವೆ ಬಾಗಿದಂತೆ ಕಾಣುತ್ತಿತ್ತು. ಅಕ್ಷರ ಎಷ್ಟು ದೊಡ್ಡದು ಮಾಡಿದರೂ ಬಲಗಣ್ಣಿಗೆ ನಡುಭಾಗ ಮಸುಕು. ಮರುದಿನವೇ ಕಣ್ಣಿನ ತಜ್ಞರ ಬಳಿಗೆ ಕಳಿಸಿದೆ. ಸಕ್ಕರೆ ಕಾಯಿಲೆಯಿಂದ ಬಲಗಣ್ಣಿನ ರೆಟಿನಾದಲ್ಲಿ ಊತ ಬಂದಿತ್ತು. ಕಣ್ಣಿಗೆ ಚುಚ್ಚುಮದ್ದು ಕೊಟ್ಟರು, ಸಕ್ಕರೆಯನ್ನು ಹಿಡಿತಕ್ಕೆ ತಂದರು. ಇದ್ದ ದೃಷ್ಟಿ ಉಳಿಯಿತು. ಇನ್ನೂ ಕೆಲವು ತಿಂಗಳು ಪರದೆಗೆ ಮೂಗು ತಾಗಿಸಿಕೊಂಡೇ ಇದ್ದಿದ್ದರೆ ಎಷ್ಟು ಉಳಿಯುತ್ತಿತ್ತೋ ಅಲ್ಲಾಹನೇ ಬಲ್ಲ.

ಆದ್ದರಿಂದ ಹೇಳುತ್ತೇನೆ, ಝೂಮ್ ಮಾಡಿ ಸುಮ್ಮನಾಗಬೇಡಿ. ಆರೋಗ್ಯವಂತ ಕಣ್ಣಿಗೆ, ಸರಿಯಾದ ಕನ್ನಡಕ ಹಾಕಿದ ಕಣ್ಣಿಗೆ, ತೋಳಿನಷ್ಟು ದೂರದಲ್ಲಿ ಸ್ವಲ್ಪ ದೊಡ್ಡದು ಮಾಡಿದ ಅಕ್ಷರ ಆರಾಮವಾಗಿ ಕಾಣಬೇಕು. ಹಾಗಾಗದಿದ್ದರೆ ಅದು ಸೂಚನೆ. ಕೆಳಗಿನವುಗಳಲ್ಲಿ ಯಾವುದಿದ್ದರೂ ಕಣ್ಣಿನ ವೈದ್ಯರನ್ನು ಕಾಣಿ:

- ತಿಂಗಳಿಂದ ತಿಂಗಳಿಗೆ ಇನ್ನೂ ದೊಡ್ಡದು ಮಾಡಬೇಕಾಗಿ ಬರುತ್ತಿದೆ.
- ಒಂದು ಕಣ್ಣು ಮುಚ್ಚಿ ನೋಡಿದಾಗ ಇನ್ನೊಂದಕ್ಕಿಂತ ಮಸುಕು.
- ನೇರ ಗೆರೆ ಬಾಗಿದಂತೆ, ಅಕ್ಷರದ ನಡುಭಾಗ ಅಳಿಸಿದಂತೆ ಕಾಣುತ್ತದೆ.
- ಇದ್ದಕ್ಕಿದ್ದಂತೆ ದೃಷ್ಟಿ ಮಂದವಾಯಿತು, ಮಿಂಚು ಕಾಣುತ್ತದೆ, ಪರದೆ ಎಳೆದಂತಾಗುತ್ತದೆ. ಇದಕ್ಕೆ ಅದೇ ದಿನ ಹೋಗಬೇಕು.

ಸಕ್ಕರೆ ಕಾಯಿಲೆ ಇರುವವರು ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಮಾಡಿಸಬೇಕು. ಪರದೆಗೆ ಹತ್ತಿರ ಕೂರುವ ಮಗುವನ್ನು ಬೈಯುವ ಮೊದಲು ಅದರ ಕಣ್ಣು ಪರೀಕ್ಷಿಸಿ. ದೂರದ್ದು ಕಾಣದೆಯೂ ಮಗು ಹತ್ತಿರ ಹೋಗುತ್ತದೆ. ಮಕ್ಕಳು ಹಗಲು ಬಯಲಲ್ಲಿ ಆಡಲಿ, ಅದು ಸಮೀಪದೃಷ್ಟಿ ಬರುವುದನ್ನು ತಗ್ಗಿಸುತ್ತದೆ. ಕಣ್ಣು ಉರಿಯುತ್ತದೆಂದು ಸಿಕ್ಕಿದ ಸುರ್ಮಾ ಹಚ್ಚಬೇಡಿ. ಪೇಟೆಯ ಕೆಲವು ಸುರ್ಮಾಗಳಲ್ಲಿ ಸೀಸ ಇರುತ್ತದೆ, ಅದು ಮಕ್ಕಳಿಗೆ ವಿಷ. ಯುನಾನಿ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ.

ಈ ವಾರ ಮನೆಯಲ್ಲಿ

ಒಂದು ಸಂಜೆ ಮನೆಮಂದಿಯೆಲ್ಲ ಕಂಪ್ಯೂಟರ್ ಮುಂದೆ ಸೇರಿ. ಪರದೆಯನ್ನು ತೋಳು ಚಾಚಿದಷ್ಟು ದೂರ ಇಡಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಬರಲಿ. ಬೆನ್ನು ಒರಗಿಸಿ ಕುಳಿತು, ಕಣ್ಣು ಕಿರಿದು ಮಾಡದೆ ಓದಲು ಎಷ್ಟು ಶೇಕಡಾ ಬೇಕು ಎಂದು ಒಬ್ಬೊಬ್ಬರದೂ ನೋಡಿ, ಕಾಗದದಲ್ಲಿ ಬರೆದಿಡಿ. ಪ್ರತಿ ಕಣ್ಣನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ. ಮೂರು ತಿಂಗಳ ನಂತರ ಮತ್ತೆ ಬರೆಯಿರಿ. ಅಂಕಿ ಏರಿದ್ದರೆ ಕಾರಣ ಹುಡುಕಬೇಕು.

ಮಕ್ಕಳಿಗೆ ಒಂದು ಮಾತು. ಅಬ್ಬಾ, ಅಮ್ಮಿ, ದಾದಿ ದೊಡ್ಡ ಅಕ್ಷರ ಇಟ್ಟುಕೊಂಡರೆ ನಗಬೇಡಿ. ನೀವು ನಕ್ಕರೆ ಅವರು ಮುಂದಿನ ಸಲ ನಿಮ್ಮನ್ನು ಕೇಳುವುದಿಲ್ಲ, ಮುಂದಕ್ಕೆ ಬಾಗುತ್ತಾರೆ. ನಿಮ್ಮ ಕೆಲಸ ಮುಗಿದ ಮೇಲೆ ಅವರ ಗಾತ್ರಕ್ಕೆ ಮರಳಿಸಿ ಏಳಿ.

ಚಾಚಾ ಈಗಲೂ ಜಮಾಅತಿನ ಲೆಕ್ಕ ಬರೆಯುತ್ತಾರೆ. ಆ ಐದು ಸಾವಿರದ ವಿಷಯವನ್ನು ಅವರೇ ಸಭೆಯಲ್ಲಿ ಎದ್ದು ನಿಂತು ವಿವರಿಸಿದರು, ರಸೀದಿ ತೋರಿಸಿದರು, ಕಣ್ಣಿನ ವಿಷಯವನ್ನೂ ಮುಚ್ಚಿಡಲಿಲ್ಲ. ಪಿಸುಮಾತು ಅಲ್ಲಿಗೆ ನಿಂತಿತು. ಅವರ ಲ್ಯಾಪ್‌ಟಾಪ್‌ನಲ್ಲಿ ಈಗ ಅಂಕಿಗಳು 160 ಶೇಕಡಾದಲ್ಲಿವೆ. ಕುತ್ತಿಗೆ ನೋವಿಗೆ ಅವರು ನನ್ನ ಬಳಿ ಮತ್ತೆ ಬಂದಿಲ್ಲ.